ಕಾನ್ಸಾಸ್‌ನ ಸಣ್ಣ ಊರಿಗೆ ವೈದ್ಯರಾಗಿ ಹೋಗುವವರು ಮನೆಯನ್ನು ಎಲ್ಲಿ ಮಾಡಬೇಕು?

ತರಬೇತಿ ಮುಗಿಸಿದ ವಿದೇಶಿ ವೈದ್ಯರು ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ಜೆ-1 ವೀಸಾದ ನಿಯಮದಿಂದ ವಿನಾಯಿತಿ ಪಡೆಯಲು ಅಮೆರಿಕದ ಪಶ್ಚಿಮ ಕಾನ್ಸಾಸ್‌ನ ಸಾವಿರದೈನೂರು ಜನರ ಊರಿನಲ್ಲಿ ಮೂರು ವರ್ಷ ದುಡಿಯಬೇಕಾಗಿದೆ. ಗೋಧಿ ಹೊಲ ಬಿಟ್ಟರೆ ಬೇರೇನೂ ಇಲ್ಲದ, ಚರಿತ್ರೆಯೇ ಇಲ್ಲದ ಆ ಊರಿನಲ್ಲಿ ಇರುವುದೋ, ಹೇಸ್ ಪಟ್ಟಣದಲ್ಲಿ ಮನೆ ಮಾಡಿಕೊಂಡು ದಿನವೂ ಓಡಾಡುವುದೋ ಎಂದು ನೀವು ಕೇಳಿದ್ದೀರಿ. ನಾನು ಹೇಸ್‌ನಲ್ಲಿ ಮನೆ ಮಾಡಿದವನು. ಹೇಸ್‌ನಲ್ಲಿ ವಿಶ್ವವಿದ್ಯಾಲಯವಿದೆ, ದೊಡ್ಡ ಅಂಗಡಿಗಳಿವೆ, ನಮ್ಮ ಕಡೆಯ ನಾಲ್ಕು ಮುಖಗಳೂ ಸಿಗುತ್ತವೆ ಎಂಬುದು ನನ್ನ ಲೆಕ್ಕವಾಗಿತ್ತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕಾರಿನಲ್ಲಿ ಕಳೆದರಾಯಿತು, ಮೂರು ವರ್ಷ ಮುಗಿದರಾಯಿತು ಎಂದುಕೊಂಡಿದ್ದೆ.

ಆ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನನ್ನ ಬಳಿಗೆ ಬರುತ್ತಿದ್ದ ಎಪ್ಪತ್ತರ ಆಸುಪಾಸಿನ ಒಬ್ಬ ಕಪ್ಪು ರೈತರಿಗೆ ಹಳೆಯ ಸಕ್ಕರೆ ಕಾಯಿಲೆ ಇತ್ತು. ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗಿದ್ದರಿಂದ ಪಾದಗಳನ್ನು ಆಗಾಗ ಪರೀಕ್ಷಿಸಬೇಕಾಗಿತ್ತು. ಮೊದಲ ವರ್ಷದ ಜೂನ್ ತಿಂಗಳಿನಲ್ಲಿ ನಾನು ಮಧ್ಯಾಹ್ನ ಎರಡು ಗಂಟೆಗೆ ಕೊಟ್ಟಿದ್ದ ಮೂರು ಭೇಟಿಗಳಿಗೆ ಅವರು ಸಾಲಾಗಿ ಬರಲಿಲ್ಲ. ಇನ್ನೊಮ್ಮೆ ತಪ್ಪಿಸಿದರೆ ಬೇರೆ ವೈದ್ಯರನ್ನು ನೋಡಿಕೊಳ್ಳಬೇಕಾಗುತ್ತದೆ ಎಂಬ ಅಚ್ಚು ಪತ್ರಕ್ಕೆ, ಸಂಜೆ ಹೇಸ್‌ಗೆ ಹೊರಡುವ ಆತುರದಲ್ಲಿ, ನಿಂತುಕೊಂಡೇ ಸಹಿ ಹಾಕಿದೆ.

ಜೂನ್ ಅಲ್ಲಿನ ಗೋಧಿ ಸುಗ್ಗಿಯ ತಿಂಗಳು. ಸೆಪ್ಟೆಂಬರ್‌ನಲ್ಲಿ ಬಿತ್ತಿದ ಚಳಿಗಾಲದ ಗೋಧಿ ಜೂನ್ ಮಧ್ಯದ ಹೊತ್ತಿಗೆ ಒಣಗಿ ನಿಲ್ಲುತ್ತದೆ. ಒಣಗಿ ನಿಂತ ಪೈರಿನ ಮೇಲೆ ಹತ್ತು ನಿಮಿಷ ಆಲಿಕಲ್ಲು ಬಿದ್ದರೆ ವರ್ಷದ ದುಡಿಮೆ ನೆಲದ ಪಾಲು. ಹಾಗೆಂದು ಬೆಳಗಾಗುತ್ತಲೇ ಕೊಯ್ಲು ಹಿಡಿಯುವಂತಿಲ್ಲ, ಏಕೆಂದರೆ ಇಬ್ಬನಿಗೆ ತೊಯ್ದ ಹುಲ್ಲು ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ ಮತ್ತು ತೇವ ಹೆಚ್ಚಿದ ಕಾಳಿಗೆ, ಧಾನ್ಯ ಕೊಂಡು ಕೂಡಿಡುವ ಗೋಪುರವಾದ ಎಲಿವೇಟರ್‌ನಲ್ಲಿ ಬೆಲೆ ಮುರಿಯುತ್ತಾರೆ. ಹೀಗಾಗಿ ಬೆಳಿಗ್ಗೆ ಹತ್ತರ ಸುಮಾರಿಗೆ ಕೊಯ್ಲು ಯಂತ್ರವಾದ ಕಂಬೈನ್ ಹೊಲಕ್ಕಿಳಿದರೆ ನಡುರಾತ್ರಿಯವರೆಗೂ ಓಡುತ್ತಲೇ ಇರುತ್ತದೆ. ಆ ರೈತರಿಗೆ ನಾನು ಬೆಳಿಗ್ಗೆ ಏಳು ಗಂಟೆಯ ಭೇಟಿ ಕೊಟ್ಟಿದ್ದರೆ ಖಂಡಿತ ಬರುತ್ತಿದ್ದರು. ಕೊಟ್ಟದ್ದು ಮಧ್ಯಾಹ್ನ ಎರಡು ಗಂಟೆ. ನಾನು ಹೇಸ್‌ನಿಂದ ಒಂಬತ್ತಕ್ಕೆ ಮೊದಲು ತಲುಪುತ್ತಿರಲಿಲ್ಲ, ಬೆಳಗಿನ ಭೇಟಿಗಳೆಲ್ಲ ಮೊದಲೇ ತುಂಬಿರುತ್ತಿದ್ದವು. ಆ ದಿನಗಳ ಸಂಜೆ ಎಲಿವೇಟರ್‌ನ ಬಿಳಿಯ ಗೋಪುರಗಳಿಂದ ಹೆದ್ದಾರಿಯವರೆಗೆ ಸಾಲುಗಟ್ಟಿ ನಿಂತಿರುತ್ತಿದ್ದ ಗೋಧಿ ಲಾರಿಗಳು ನನಗೆ ಕಂಡದ್ದು ಮನೆ ಸೇರುವ ದಾರಿಗೆ ಅಡ್ಡಿಯಾಗಿ ಮಾತ್ರ. ಆ ಊರಿನಲ್ಲಿ ಒಂದೇ ಒಂದು ರಾತ್ರಿ ಮಲಗಿದ್ದರೂ ಹೊಲಗಳಲ್ಲಿ ಚಲಿಸುವ ದೀಪಗಳು ಕಿಟಕಿಯಿಂದ ಕಾಣುತ್ತಿದ್ದವು, ವಿಷಯ ತಾನಾಗಿ ತಿಳಿಯುತ್ತಿತ್ತು. ನನ್ನ ತಂದೆ ರೋಣದ ಕಡೆಯ ಎರೆಹೊಲದ ರೈತರು. ಜೋಳದ ಸುಗ್ಗಿಯಲ್ಲಿ ಮೈ ಸುಡುವ ಜ್ವರವಿದ್ದರೂ ಕಣ ಬಿಟ್ಟು ದವಾಖಾನೆಗೆ ಬಂದವರಲ್ಲ. ಅವರ ಮಗನಾಗಿ ನಾನು ಆ ಪತ್ರಕ್ಕೆ ಸಹಿ ಹಾಕಿದೆ ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಸುಗ್ಗಿಯಲ್ಲಿ ಹೊಸ ಬೂಟು ಕಚ್ಚಿ ಆ ರೋಗಿಯ ಪಾದದಲ್ಲಿ ಗುಳ್ಳೆಯೆದ್ದಿತ್ತು. ನೋವು ತಿಳಿಯದ ಪಾದವಾದ್ದರಿಂದ ಅವರದನ್ನು ಲಕ್ಷಿಸಲಿಲ್ಲ, ಪತ್ರ ಕೈಸೇರಿದ ಮೇಲೆ ನನ್ನ ಬಳಿಗೆ ಬರಲೂ ಇಲ್ಲ. ಫೆಬ್ರುವರಿಯಲ್ಲಿ ಮಗಳು ಕರೆತಂದಾಗ ಹುಣ್ಣು ಎಲುಬನ್ನು ಮುಟ್ಟಿತ್ತು. ಎರಡು ಬೆರಳುಗಳನ್ನು ತೆಗೆಸಬೇಕಾಯಿತು. ಗಾಯಕ್ಕೆ ಪಟ್ಟಿ ಬದಲಾಯಿಸುತ್ತಾ ನಾನು ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಮುತ್ತಜ್ಜ ಬಿಟ್ಟುಹೋದ ನೆಲದ ಗೋಧಿಯನ್ನು ಹೊಲದಲ್ಲಿ ಬಿಟ್ಟು ಬರಲಾಗಲಿಲ್ಲ ಎಂದರು. ಯಾವ ನೆಲ ಎಂದು ನಾನು ಕೇಳಿದ್ದು ಅಂದೇ ಮೊದಲು.

ಆ ನೆಲ ಗ್ರಹಾಂ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಪುಟ್ಟ ಊರಾದ ನಿಕೋಡೆಮಸ್‌ನದು. ಹೆದ್ದಾರಿ 24ರಲ್ಲಿ ವರ್ಷವಿಡೀ ನಾನು ಹೆಸರು ಓದಿ ಮುಂದೆ ಹೋಗುತ್ತಿದ್ದ ಫಲಕ ಅದು. ಗುಲಾಮಗಿರಿಯಿಂದ ಬಿಡುಗಡೆಯಾಗಿ ಹನ್ನೆರಡು ವರ್ಷಗಳಷ್ಟೇ ಕಳೆದಿದ್ದ 1877ರಲ್ಲಿ, ಕೆಂಟಕಿಯ ಕಪ್ಪು ಕುಟುಂಬಗಳು ಸ್ವಂತ ಭೂಮಿಯ ಆಸೆಯಿಂದ ಅಲ್ಲಿಗೆ ಬಂದವು. ಎಲ್ಲಿಸ್‌ನವರೆಗೆ ರೈಲು, ಅಲ್ಲಿಂದ ಮುಂದೆ ರಸ್ತೆಯೂ ಮರವೂ ಇಲ್ಲದ ಹುಲ್ಲುಗಾವಲು. ಮರುವರ್ಷ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಮಹಿಳೆ ಊರೆಲ್ಲಿ ಎಂದು ಕೇಳಿದಾಗ, ಗಂಡ ನೆಲದೊಳಗಿಂದ ಏಳುತ್ತಿದ್ದ ಹೊಗೆಯನ್ನು ತೋರಿಸಿ ಅದೇ ನಿಕೋಡೆಮಸ್ ಎಂದರಂತೆ. ಜನ ನೆಲ ತೋಡಿ ಗುಂಡಿಮನೆಗಳಲ್ಲಿ ಬದುಕುತ್ತಿದ್ದರು. ಅದನ್ನು ನೋಡಿ ತಾನು ಅತ್ತುಬಿಟ್ಟೆ ಎಂದು ಆಕೆ ಮುಂದೆ ನೆನಪಿಸಿಕೊಂಡಿದ್ದಾರೆ. ಮೊದಲ ಚಳಿಗಾಲದಲ್ಲಿ ಬೇಟೆ ಮುಗಿಸಿ ಹಿಂತಿರುಗುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಜನರು ಹಂಚಿಕೊಟ್ಟ ಆಹಾರವೂ ಆ ವಲಸಿಗರ ಜೀವ ಹಿಡಿದಿತ್ತು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಬ್ಯಾಂಕು, ಹೋಟೆಲು, ಚರ್ಚುಗಳು, ಎರಡು ಪತ್ರಿಕೆಗಳು ಇದ್ದವು. ಅಲ್ಲಿಗೆ ಬಂದು ನೆಲೆಸಿದ್ದ ಇ. ಪಿ. ಮೆಕೇಬ್ 1882ರಲ್ಲಿ ಕಾನ್ಸಾಸ್ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾಯಿತರಾದರು. ಆಮೇಲೆ ಊರಿನ ಹಣೆಬರಹವನ್ನು ರೈಲು ಬರೆಯಿತು. ರೈಲು ತಮ್ಮೂರಿಗೆ ಬರಲೆಂದು ಜನ 16,000 ಡಾಲರುಗಳ ಬಾಂಡಿಗೆ ಒಪ್ಪಿಗೆ ಕೊಟ್ಟರೂ ಆ ಮಾರ್ಗ ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿಗಳು ಸಾಲೊಮನ್ ನದಿಯ ಆಚೆ ದಡದಲ್ಲಿ ಹಾದುಹೋದವು, ಅಂಗಡಿಕಾರರು ಹಳಿಯ ಬದಿಯ ಬೋಗ್ ಎಂಬ ಹೊಸ ಊರಿಗೆ ಗಂಟುಮೂಟೆ ಕಟ್ಟಿದರು. 1930ರ ದಶಕದ ಧೂಳು ಮತ್ತು ಬರ ಇನ್ನಷ್ಟು ಜನರನ್ನು ಒಯ್ದವು, 1953ರಲ್ಲಿ ಅಂಚೆ ಕಚೇರಿ ಮುಚ್ಚಿತು. 1996ರಲ್ಲಿ ಕೇಂದ್ರ ಸರ್ಕಾರ ಅದನ್ನು ರಾಷ್ಟ್ರೀಯ ಚಾರಿತ್ರಿಕ ತಾಣವೆಂದು ಘೋಷಿಸಿದಾಗ ಉಳಿದಿದ್ದದ್ದು ಹಿಡಿಯಷ್ಟು ಮನೆಗಳು, ಐದು ಹಳೆಯ ಕಟ್ಟಡಗಳು ಮತ್ತು ಹೊಲ ಬಿಡದ ಕೆಲವು ಕುಟುಂಬಗಳು. ನನ್ನ ರೋಗಿ ಅಂಥ ಒಂದು ಕುಟುಂಬದವರು.

ಆದ್ದರಿಂದ ಚರಿತ್ರೆಯಿಲ್ಲದ ಊರು ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನೀವು ಹೋಗುವ ಊರಿನ ಹೆಸರನ್ನು ನೀವು ಬರೆದಿಲ್ಲ, ಆದರೆ ಆ ಸೀಮೆಯಲ್ಲಿ ಯಾವ ಊರು ರೈಲಿನಿಂದ ಉಳಿಯಿತು, ಯಾವುದು ಅಳಿಯಿತು, ಕೌಂಟಿ ಕಚೇರಿ ಯಾರ ಪಾಲಾಯಿತು ಎಂಬುದು ಇಂದಿಗೂ ಮನೆಮನೆಯ ಮಾತು. ಅಲ್ಲಿನವರು ಅದನ್ನು ಹೊಸಬರಿಗೆ ತಾವಾಗಿ ಹೇಳುವುದಿಲ್ಲ. ಹೊಲದ ದಾರಿಯಲ್ಲಿ ಎದುರಾಗುವ ಪ್ರತಿಯೊಬ್ಬರೂ ಸ್ಟಿಯರಿಂಗ್ ಮೇಲಿನಿಂದ ಒಂದು ಬೆರಳೆತ್ತಿ ನಮಸ್ಕರಿಸುತ್ತಾರೆ, ನಿಮ್ಮ ಕಾರು ಕೆಟ್ಟರೆ ಮೂರು ಜನ ನಿಲ್ಲುತ್ತಾರೆ. ಮಾತು ಮಾತ್ರ ನೀವು ಅಲ್ಲಿಯವರಾದ ಮೇಲೆಯೇ ಹೊರಬರುತ್ತದೆ.

ಎರಡನೆಯ ವರ್ಷ ನಾನು ಹೇಸ್‌ನ ಮನೆಯನ್ನು ಬಿಟ್ಟು ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮನೆ ಹಿಡಿದೆ. ಜೂನ್ ತಿಂಗಳಿನಲ್ಲಿ ಎರಡು ವಾರ ಕ್ಲಿನಿಕ್ಕಿನ ಬಾಗಿಲನ್ನು ಆರೂವರೆಗೇ ತೆರೆಸಿದೆ. ರೈತರು ಎಂಟರೊಳಗೆ ಬಂದು ಹೋದರು. ಜುಲೈ ಕೊನೆಯಲ್ಲಿ ಅದೇ ಹಿರಿಯರು ನನ್ನನ್ನು ನಿಕೋಡೆಮಸ್‌ನ ಹೋಮ್‌ಕಮಿಂಗ್‌ಗೆ ಕರೆದರು. ವರ್ಷಕ್ಕೊಮ್ಮೆ ನಡೆಯುವ ಆ ಊರಹಬ್ಬಕ್ಕೆ, ಊರು ಬಿಟ್ಟು ಡೆನ್ವರ್, ಟೊಪೀಕಾಗಳಲ್ಲಿ ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ನೂರಾರು ಸಂಖ್ಯೆಯಲ್ಲಿ ಬರುತ್ತಾರೆ. ನಮ್ಮಲ್ಲಿ ಜಾತ್ರೆಗೆ ಬರುವವರಂತೆಯೇ ಮೊದಲು ಹಿರಿಯರ ಸಮಾಧಿಗಳಿಗೆ ಹೋಗಿ ಬರುವವರನ್ನೂ ಕಂಡೆ. 1939ರಲ್ಲಿ ಸುಣ್ಣಕಲ್ಲಿನಿಂದ ಕಟ್ಟಿದ ಟೌನ್‌ಶಿಪ್ ಹಾಲ್‌ನ ನೆರಳಿನಲ್ಲಿ ಅವರು ಪಕ್ಕದ ಕುರ್ಚಿ ಎಳೆದು ನನ್ನನ್ನು ಕೂರಿಸಿಕೊಂಡರು. ಕಾಲಿನಲ್ಲಿ ನಾನು ಬರೆದುಕೊಟ್ಟಿದ್ದ ಅಗಲದ ಬೂಟು ಇತ್ತು.

ಹಾಗಾಗಿ ಹೇಸ್‌ನ ಮನೆಗೆ ಮುಂಗಡ ಕೊಡಬೇಡಿ. ನೀವು ಹೋಗುವ ಊರಿನ ಬಾಡಿಗೆ ಮನೆಗಳು ಅಂತರ್ಜಾಲದಲ್ಲಿ ಸಿಗುವುದು ಅಪರೂಪ. ಸೇರುವ ಒಂದು ತಿಂಗಳು ಮೊದಲೇ ಒಮ್ಮೆ ಹೋಗಿ, ಎಲಿವೇಟರ್‌ನ ಕಚೇರಿಯಲ್ಲಿಯೂ ದಿನಸಿ ಅಂಗಡಿಯಲ್ಲಿಯೂ ಹೊಸ ವೈದ್ಯರೆಂದು ಹೇಳಿಕೊಂಡು ಕೇಳಿರಿ. ನನಗೆ ಮನೆ ಸಿಕ್ಕಿದ್ದು ಹಾಗೆಯೇ, ಅದೂ ಒಂದೇ ಮಧ್ಯಾಹ್ನದಲ್ಲಿ.