ಸಂಪಾದಕರ ಉತ್ತರ: ‘ಒಂದು ಲೈಫ್ ಸಾಲ ಕೊಡೋ!’

ತ್ಯಾಗರಾಜನಗರದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಬರೆದ ಪತ್ರದ ಸಾರ ಇದು: ‘ಹೋದ ಸಂಚಿಕೆಯಲ್ಲಿ ರಾಜಾಜಿನಗರದ ಹಳೆಯ ವಿಡಿಯೋಗೇಮ್ ಅಂಗಡಿಗಳ ಬಗ್ಗೆ ಯುವಕನೊಬ್ಬ ಬರೆದದ್ದಕ್ಕೆ ಆರು ಪುಟ ಕೊಟ್ಟಿದ್ದೀರಿ. ಬಹಳ ವರ್ಷದ ಚಂದಾದಾರನಾದ ನನಗೆ ಬೇಸರವಾಯಿತು. ಆಟ ಆಡಿ ಮರೆಯುವಂಥದ್ದು, ಬರೆದಿಡುವಂಥದ್ದಲ್ಲ. ನಾವೂ ಅಜ್ಜಿಯ ಜೊತೆ ಚೌಕಾಬಾರ ಆಡಿದೆವು, ಪ್ರಬಂಧ ಬರೆದೆವೇ? ನನ್ನ ಮೊಮ್ಮಗ ಮೊಬೈಲಿನಲ್ಲಿ ಆಟ ಹಾಕಿಕೊಡದೆ ತುತ್ತು ಬಾಯಿಗಿಡುವುದಿಲ್ಲ. ಇದರ ಬಗ್ಗೆ ಬರೆಯಲೇಬೇಕಿದ್ದರೆ ವಿಶ್ವವಿದ್ಯಾಲಯದ ವಿದ್ವಾಂಸರು ಶಾಸ್ತ್ರೀಯವಾಗಿ ಬರೆಯಲಿ. ಆಡುವ ಹುಡುಗರ ಕೈಗೆ ಲೇಖನಿ ಕೊಡಬೇಡಿ.’

ಪ್ರಿಯ ಮೇಷ್ಟ್ರೇ,

ಶಾಯಿ ಪೆನ್ನಿನಲ್ಲಿ ಮೂರು ಪುಟ, ಒಂದೇ ಒಂದು ಕಾಗುಣಿತದ ತಪ್ಪಿಲ್ಲ. ನಿಮ್ಮ ಪತ್ರ ನಮ್ಮ ಕಚೇರಿಯಲ್ಲಿ ಕೈಯಿಂದ ಕೈಗೆ ಓಡಾಡಿತು. ಹೀಗೆ ಬೈಸಿಕೊಳ್ಳುವುದಾದರೆ ತಿಂಗಳಿಗೊಂದು ತಪ್ಪು ಮಾಡಲು ನಾನು ತಯಾರು.

ಮೊಮ್ಮಗನ ವಿಚಾರ ಮೊದಲು ಮುಗಿಸಿಬಿಡುತ್ತೇನೆ. ನಿಮ್ಮ ಆತಂಕ ಸುಳ್ಳಲ್ಲ. ನಮ್ಮೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮುಗಳಿಗೆ ಅಂಟಿಕೊಂಡವರಿಗಾಗಿಯೇ 2014ರಲ್ಲಿ ಒಂದು ಕ್ಲಿನಿಕ್ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ಆಟದ ಗೀಳಿಗೂ ಒಂದು ಸಾಲು ಇದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ತಂದು ನಿಷೇಧಿಸಿತು. ಎಲ್ಲ ಒಪ್ಪಿದೆ. ಆದರೆ ಹೆಂಡದಂಗಡಿ ಇದೆಯೆಂದು ಈಚಲ ಮರದ ಬಗ್ಗೆ ಯಾರೂ ಬರೆಯಬಾರದೆ?

‘ಆಟ ಬರೆದಿಡುವಂಥದ್ದಲ್ಲ’ ಎಂಬ ಮಾತು ಮಾತ್ರ ನಿಮ್ಮಂಥವರ ಬಾಯಲ್ಲಿ ಬರಬಾರದಿತ್ತು. ಪಂಪಭಾರತದಲ್ಲಿ ದುರ್ಯೋಧನನ ಹೆಂಡತಿ ಭಾನುಮತಿ ಕರ್ಣನೊಡನೆ ನೆತ್ತವಾಡಿ ಸೋಲುವ ಪದ್ಯವನ್ನು ನೀವು ಎಷ್ಟು ತರಗತಿಗಳಿಗೆ ಪಾಠ ಮಾಡಿದ್ದೀರೋ! ಪಣ ಕೊಡು ಎಂದು ಕರ್ಣ ಕಾಡುವಾಗ ಹಾರ ಹರಿದು ಮುತ್ತು ಚೆಲ್ಲುತ್ತದೆ. ದುರ್ಯೋಧನ ಬಂದು ನೋಡುತ್ತಾನೆ, ಆಯ್ದುಕೊಡಲೇ ಎನ್ನುತ್ತಾನೆ. ಆ ಪದ್ಯದ ಅರ್ಥದ ಬಗ್ಗೆ ಪಂಡಿತರು ಕಿತ್ತಾಡಿದ್ದಾರೆ, ಆಡಲಿ ಬಿಡಿ. ನನಗೆ ಬೇಕಾದದ್ದು ಇಷ್ಟೇ: ಕರ್ಣ–ದುರ್ಯೋಧನರ ಗೆಳೆತನದ ಆಳ ತೋರಿಸಬೇಕಾದಾಗ ನಮ್ಮ ಆದಿಕವಿ ಯುದ್ಧಭೂಮಿಗೆ ಹೋಗಲಿಲ್ಲ, ಪಗಡೆಯ ಹಾಸಿನ ಮೇಲೆ ಬಂದು ಕೂತ. ಇನ್ನು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ ಅರಮನೆಯಲ್ಲಿ ಕೂತು ಮಣೆಯಾಟ, ಗಂಜೀಫಾ ಎಲೆ, ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗೂ ಒಂದೊಂದೇ ಸಲ ಓಡಿಸುವ ಲೆಕ್ಕ, ಹೀಗೆ ತಲೆ ಕೆಡಿಸಿಕೊಂಡವರು. ತಾವು ಬರೆಸಿದ ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ ದೇವದೇವತೆಗಳ ಜೊತೆಗೆ ಆಟಗಳಿಗೂ ‘ಕೌತುಕನಿಧಿ’ ಎಂಬ ಭಾಗದಲ್ಲಿ ಜಾಗ ಕೊಟ್ಟರು. ಅರಸರು ಬರೆಸಿದರೆ ಕೌತುಕ, ರಾಜಾಜಿನಗರದ ಹುಡುಗ ಬರೆದರೆ ಆರು ಪುಟ ದಂಡ. ಇದ್ಯಾವ ನ್ಯಾಯ ಮೇಷ್ಟ್ರೇ?

ನಾನೂ ಆ ಅಂಗಡಿಗಳಲ್ಲಿ ಬೆಳೆದವನೇ. ನಮ್ಮದು ಹನುಮಂತನಗರ. ಐವತ್ತಡಿ ರಸ್ತೆಯ ಒಂದು ಪಕ್ಕದಡ್ಡರಸ್ತೆಯಲ್ಲಿ, ಹಿಟ್ಟಿನ ಗಿರಣಿಗೆ ಅಂಟಿಕೊಂಡಂತೆ ಒಂದು ಕೋಣೆ. ಮೂರು ಟೀವಿ, ಮೂರು ಮರದ ಬೆಂಚು, ಗೋಡೆಗೆ ಪರೀಕ್ಷೆ ತಿಂಗಳಲ್ಲಿ ‘ಯೂನಿಫಾರಂನಲ್ಲಿ ಬಂದವರಿಗೆ ಆಟವಿಲ್ಲ’ ಎಂಬ ಬೋರ್ಡು. ಹುಡುಗರು ಅಂಗಿ ಬಿಚ್ಚಿ ಬ್ಯಾಗಿಗೆ ತುರುಕಿ ಬನಿಯನ್ನಿನಲ್ಲಿ ಕೂರುತ್ತಿದ್ದರು. ಗಡಿಯಾರ ಅಂಗಡಿಯವನ ಟೈಂಪೀಸು. ಅಲಾರಂ ಹೊಡೆಯಿತೆಂದರೆ ಬಾಸಿನ, ಅಂದರೆ ಆಟದೊಳಗಿನ ದೊಡ್ಡ ಶತ್ರುವಿನ, ಎದುರು ನಿಂತಿದ್ದರೂ ಸ್ವಿಚ್ ಆಫ್. ಗಿರಣಿ ಓಡಿದರೆ ವೋಲ್ಟೇಜ್ ಇಳಿದು ಪರದೆ ನಡುಗುತ್ತಿತ್ತು, ಕೈಯಲ್ಲಿ ಹಿಡಿದ ರಿಮೋಟಿನ ಮೇಲೆ ರಾಗಿಹಿಟ್ಟಿನ ಧೂಳು. ಆಟ ತೆರೆದುಕೊಳ್ಳದಿದ್ದರೆ ‘ಕ್ಯಾಸೆಟ್’ ಹೊರಗೆಳೆದು ಉಫ್ ಎಂದು ಊದಬೇಕು. ಊದುವುದಕ್ಕೂ ಅಂಗಡಿಯಲ್ಲಿ ಒಬ್ಬ ಪರಿಣತನಿದ್ದ. ಅವನು ಊದಿದರೆ ಬರುತ್ತದೆ, ನಾವು ಊದಿದರೆ ಇಲ್ಲ.

ಕಾಂಟ್ರಾ ಎಂಬ ಆಟ ಇಬ್ಬರು ಕೂಡಿ ಆಡುವಂಥದ್ದು. ಒಬ್ಬನ ಲೈಫೆಲ್ಲ, ಅಂದರೆ ಸತ್ತ ಮೇಲೂ ಮತ್ತೆ ಆಡುವ ಅವಕಾಶವೆಲ್ಲ, ಮುಗಿದರೆ ಇನ್ನೊಬ್ಬನ ಗಂಟಿನಿಂದ ಒಂದನ್ನು ತೆಗೆದುಕೊಳ್ಳಬಹುದಿತ್ತು. ‘ಒಂದು ಲೈಫ್ ಸಾಲ ಕೊಡೋ!’ ಎಂಬ ಕೂಗು ಗಿರಣಿಯ ಸದ್ದನ್ನೂ ಮೀರಿ ರಸ್ತೆಗೆ ಕೇಳುತ್ತಿತ್ತು. ಸಾಲ ಕೊಟ್ಟವನು, ಕೇಳದೆಯೇ ಕಸಿದವನು, ತನ್ನ ಬಳಿ ಎರಡಿದ್ದೂ ಮುಖ ತಿರುಗಿಸಿದವನು, ಎಲ್ಲರೂ ನನಗೆ ಇವತ್ತಿಗೂ ನೆನಪಿದ್ದಾರೆ. ಮುಖ ತಿರುಗಿಸಿದವನು ಈಗ ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲಿದ್ದಾನೆ ಎನ್ನುವುದು ಬೇರೆ ಮಾತು. ಭಾನುಮತಿಯ ಮುತ್ತು ಆಯ್ದುಕೊಟ್ಟದ್ದಕ್ಕೂ ಇದಕ್ಕೂ ಏನು ದೂರ, ನೀವೇ ಹೇಳಿ.

ಮೂವತ್ತು ಲೈಫ್ ಕೊಡುವ ಮಂತ್ರವೂ ಒಂದಿತ್ತು, ರಿಮೋಟಿನ ಗುಂಡಿಗಳನ್ನು ಒತ್ತುವ ಕ್ರಮ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಜಪಾನಿನ ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ ಎಂಬುವರು 1986ರಲ್ಲಿ ಗ್ರಾಡಿಯಸ್ ಎಂಬ ಆಟವನ್ನು ಪರೀಕ್ಷಿಸುವಾಗ, ಅದು ತಮಗೇ ಕಷ್ಟವೆನಿಸಿ, ಸ್ವಂತಕ್ಕೆ ಮಾಡಿಕೊಂಡ ಕಳ್ಳಬಾಗಿಲು ಅದು, ಆಮೇಲೆ ಕಾಂಟ್ರಾಗೂ ಬಂತು. ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಇಂಗ್ಲಿಷ್ ಪತ್ರಿಕೆಗಳ ಮುಖ ನೋಡದ ಹುಡುಗರಿಗೆ, ಅದು ಹನುಮಂತನಗರಕ್ಕೆ ಹೇಗೆ ಬಂತು? ಪಕ್ಕದ ಬಡಾವಣೆ ಶ್ರೀನಗರದ ಹುಡುಗನೊಬ್ಬ ಎರಡು ಬುಗುರಿ ಪಡೆದು ನಮಗೆ ಹೇಳಿಕೊಟ್ಟ. ಅವನಿಗೆ ಅವನ ಚಿಕ್ಕಪ್ಪನ ಮಗ ಹೇಳಿದ್ದನಂತೆ. ಇದು ಜಾನಪದವಲ್ಲದಿದ್ದರೆ ಜಾನಪದ ಅಂದರೆ ಏನು?

ಈಗ ನಿಮ್ಮ ‘ಶಾಸ್ತ್ರೀಯವಾಗಿ’ಗೆ ಬರುತ್ತೇನೆ. ವಿದ್ವಾಂಸರು ಸುಮ್ಮನೆ ಕೂತಿಲ್ಲ. ಡಚ್ ಇತಿಹಾಸಕಾರ ಹೊಯಿಜಿಂಗಾ 1938ರಲ್ಲೇ ಆಟ ಸಂಸ್ಕೃತಿಗಿಂತ ಹಳೆಯದು ಎಂದು ಗ್ರಂಥ ಬರೆದ. 2001ರಲ್ಲಿ ನಾರ್ವೆಯ ಎಸ್ಪೆನ್ ಆರ್ಸೆತ್ ವಿಡಿಯೋಗೇಮ್ ಅಧ್ಯಯನಕ್ಕೇ ಒಂದು ಪಾಂಡಿತ್ಯದ ಪತ್ರಿಕೆ ಶುರುಮಾಡಿ, ಇದೇ ನಮ್ಮ ಮೊದಲ ವರ್ಷ ಎಂದು ಘೋಷಿಸಿದರು. ಗೌರವದ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಟೆಟ್ರಿಸ್ ಕಥೆ ಕೇಳಿ. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದೆ ಜೋಡಿಸಬೇಕಲ್ಲ, ಅದೇ ಆಟ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯಲ್ಲಿ ಅಲೆಕ್ಸಿ ಪಾಜಿತ್ನೋವ್ ಕೆಲಸದ ನಡುವೆ ಮಾಡಿದ್ದು. ಅಮೆರಿಕದ ವಿದುಷಿ ಜಾನೆಟ್ ಮರ್ರೆ 1997ರಲ್ಲಿ ಅದನ್ನು 90ರ ದಶಕದ ಅಮೆರಿಕನ್ನರ ಬಿಡುವಿಲ್ಲದ ಬದುಕಿನ ಅಭಿನಯ ಎಂದು ವ್ಯಾಖ್ಯಾನಿಸಿದರು. ಫಿನ್ಲೆಂಡಿನ ವಿದ್ವಾಂಸ ಎಸ್ಕೆಲಿನೆನ್ ಅವರಿಗೆ ಇದು ತಡೆಯಲಿಲ್ಲ, ಆಟದ ಒಳಗೆ ಏನಾಗುತ್ತದೆಂದು ನೋಡದೆ ಹೊರಗಿನಿಂದ ಕಥೆ ತಂದು ತುರುಕುತ್ತೀರಿ ಎಂದು ಹರಿಹಾಯ್ದರು. ಆಟವೆಂದರೆ ಕಥೆಯೋ ನಿಯಮವೋ ಎಂಬ ಈ ಜಗಳ ವರ್ಷಗಟ್ಟಲೆ ನಡೆಯಿತು. ನಮ್ಮ ಮನೆಯಲ್ಲಿ ಆ ಆಟ ಬಂದದ್ದು ಜಾತ್ರೆಯಲ್ಲಿ ಕೊಂಡ ಬೂದುಬಣ್ಣದ ಡಬ್ಬಿಯಲ್ಲಿ. ಬೇಸಗೆ ರಜೆಗೆ ಊರಿಗೆ ಹೊರಟಾಗ ಹೋಲ್ಡಾಲು, ಉಪ್ಪಿನಕಾಯಿ ಜಾಡಿ, ಟ್ರಂಕುಗಳನ್ನು ಬಸ್ಸಿನ ಸೀಟಿನಡಿ ಸೇರಿಸುತ್ತಾ ಅಮ್ಮ, ‘ಉದ್ದ ಕಡ್ಡಿ ಬಂದ್ರೆ ಸರಿಹೋಗತ್ತೆ ನೋಡು’ ಎಂದಿದ್ದಳು. ಎರಡು ಪಂಡಿತರ ಪಕ್ಷಕ್ಕಿಂತ ಅಮ್ಮನ ಆ ಒಂದು ಮಾತಿನಲ್ಲಿ ನನಗೆ ಟೆಟ್ರಿಸ್ ಹೆಚ್ಚು ಕಾಣುತ್ತದೆ. ಪಕ್ಷಪಾತವಿರಬಹುದು, ಇರಲಿ.

ಕೆಲವು ವರ್ಷದ ಹಿಂದೆ ನಗರದ ಒಂದು ಕಾಲೇಜಿನ ವಿಚಾರಸಂಕಿರಣಕ್ಕೆ ಹೋಗಿದ್ದೆ. ‘ಡಿಜಿಟಲ್ ಆಟ ಮತ್ತು ಆಧುನಿಕೋತ್ತರತೆ’ ಎಂದೇನೋ ಶೀರ್ಷಿಕೆ. ಪ್ರಬಂಧಕಾರರು ನಲವತ್ತು ನಿಮಿಷ ಮಾರಿಯೋ ಆಟವನ್ನು ಹಿಡಿದು, ಬಂಧಿತ ರಾಜಕುಮಾರಿ, ಪುರುಷಪ್ರಧಾನ ಕಥನ ಎಂದೆಲ್ಲ ಹೇಳಿದರು. ತಪ್ಪೇನಿಲ್ಲ. ಊಟದ ಸಾಲಿನಲ್ಲಿ ಪ್ರೊಜೆಕ್ಟರ್ ಹಚ್ಚಿದ ಹುಡುಗ ನನ್ನ ಹಿಂದಿದ್ದ. ಮೆಲ್ಲಗೆ ಹೇಳಿದ: ‘ಸಾರ್, ನಮಗೆ ಆಗ ಇಂಗ್ಲಿಷ್ ಓದಕ್ಕೆ ಬರ್ತಿರ್ಲಿಲ್ಲ. ಕೋಟೆ ಕೊನೇಲಿ ಅಣಬೆ ತಲೆಯವನು ಒಬ್ಬ ನಿಂತಿರ್ತಾನಲ್ಲ, ಅವನೇ ರಾಜಕುಮಾರಿ ಅಂದ್ಕೊಂಡಿದ್ವಿ. ಬಿಡಿಸಿದ್ವಿ ಅಂತ ಪ್ರತೀ ಸಲ ಖುಷಿ. ಆಮೇಲೆ ಮತ್ತೆ ಯಾಕೆ ಆಟ ಶುರುವಾಗತ್ತೆ ಅಂತ ಗೊತ್ತಾಗ್ತಿರ್ಲಿಲ್ಲ.’ ಅಲ್ಲಿ ಬರೆದಿರುತ್ತಿದ್ದದ್ದು ‘ರಾಜಕುಮಾರಿ ಬೇರೆ ಕೋಟೆಯಲ್ಲಿದ್ದಾಳೆ’ ಎಂದು. ಹೀಗೆ ಏಳು ಕೋಟೆ, ಎಂಟನೆಯದರಲ್ಲಿ ನಿಜವಾದವಳು. ಕನ್ನಡ ಶಾಲೆಯ ಹುಡುಗರು ಏಳು ಸಲ ಬೇರೆಯೇ ಒಂದು ಕಥೆಯನ್ನು ಗೆದ್ದಿದ್ದರು. ಪ್ರಬಂಧಕಾರರ ನಲವತ್ತು ನಿಮಿಷದಲ್ಲಿ ಇದು ಎಲ್ಲೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಬರೆದುಕೊಡಪ್ಪ ಎಂದೆ. ‘ನನಗೆಲ್ಲಿ ಸಾರ್ ಬರೆಯಕ್ಕೆ ಬರತ್ತೆ, ಅವರೆಲ್ಲ ಓದಿರೋರು’ ಎಂದು ತಟ್ಟೆ ಹಿಡಿದು ಹೋದ. ಆಡುವ ಹುಡುಗರ ಕೈಗೆ ಲೇಖನಿ ಕೊಡಬೇಡಿ ಎಂದಿರಲ್ಲ, ನಾವು ಕೊಟ್ಟರೂ ಅವರೇ ತೆಗೆದುಕೊಳ್ಳುತ್ತಿಲ್ಲ.

ಹಲಸಂಗಿ ಗೆಳೆಯರನ್ನು ನಿಮಗೆ ನೆನಪಿಸಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಬೀಸುವ ಕಲ್ಲಿನ ಮುಂದೆ ಕೂತು ಹೆಣ್ಣುಮಕ್ಕಳ ಹಾಡು ಬರೆದುಕೊಂಡಾಗ ಯಾವ ಪ್ರೊಫೆಸರರ ಅಪ್ಪಣೆ ಕೇಳಿದ್ದರು? ‘ಗರತಿಯ ಹಾಡು’ ಅಚ್ಚಾದದ್ದು 1931ರಲ್ಲಿ. ಜಾನಪದಕ್ಕೆಂದೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ವಿಶ್ವವಿದ್ಯಾಲಯ ಆಗುವ ಹೊತ್ತಿಗೆ 2011 ಬಂದಿತ್ತು. ಎಂಬತ್ತು ವರ್ಷ! ವಿದ್ವಾಂಸರು ಬರುತ್ತಾರೆ, ಖಂಡಿತ ಬರುತ್ತಾರೆ. ಬೀಸುವವರು ಹೋದ ಮೇಲೆ ಬರುತ್ತಾರೆ.

ಇಲ್ಲಂತೂ ಹೋಗುವುದು ಇನ್ನೂ ಬೇಗ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೋಗೇಮ್ ಇತಿಹಾಸ ಪ್ರತಿಷ್ಠಾನ 2023ರಲ್ಲಿ ಲೆಕ್ಕ ಹಾಕಿತು. ಹಂಪಿಯ ಗುಡಿಯ ಹಾಸುಗಲ್ಲಿನ ಮೇಲೆ ಯಾರೋ ಕೊರೆದ ಆಟದ ಮನೆಗಳು ಇನ್ನೂ ಉಳಿದಿವೆ. 2009ರಲ್ಲಿ ಬಂದ ಫಾರ್ಮ್‌ವಿಲ್ ಎಂಬ ಬೇಸಾಯದ ಆನ್‌ಲೈನ್ ಆಟ ಮಾತ್ರ 2020ರ ಡಿಸೆಂಬರ್ 31ರಂದು ಮುಚ್ಚಿಹೋಯಿತು. ನನ್ನ ಹಿಂದಿನ ಕಚೇರಿಯಲ್ಲಿ ಒಬ್ಬರು ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟು ಎದ್ದು ಅದರಲ್ಲಿ ಬೆಳೆ ಕೊಯ್ಯುತ್ತಿದ್ದರು. ಬನ್ನೇರುಘಟ್ಟ ರಸ್ತೆಯಲ್ಲಿದ್ದ ಅವರ ತಂದೆಯ ರಾಗಿ ಹೊಲ ಅದಕ್ಕೆ ಮೊದಲೇ ಸೈಟುಗಳಾಗಿ ಹಂಚಿಹೋಗಿತ್ತು. ಸರಿಯಾದ ಹೊತ್ತಿಗೆ ಕೊಯ್ಯದಿದ್ದರೆ ಬೆಳೆ ಬಾಡುತ್ತದೆಂದು ಮೀಟಿಂಗಿನ ಮಧ್ಯೆ ಚಡಪಡಿಸುತ್ತಿದ್ದ ಆ ರೈತನ ಮಗನ ಬಗ್ಗೆ ಕನ್ನಡದಲ್ಲಿ ಒಂದು ಕಥೆ ಬಂದಿದ್ದರೆ ತೋರಿಸಿ, ನಿಮ್ಮ ಚಂದಾ ಜೀವನಪರ್ಯಂತ ಮಾಫಿ.

ಬೆಂಗಳೂರಿನ ಮೇಲೆ ನನಗಿರುವ ಸಿಟ್ಟೂ ಇದೇ. ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ 1997ರಲ್ಲೇ ಇಲ್ಲಿ ಶುರುವಾಯಿತು, ಇಡೀ ದೇಶದಲ್ಲಿ ಮೊದಲಿಗರ ಸಾಲು ಅದು. ಜಗತ್ತು ಮುಗಿಬಿದ್ದು ಕೊಂಡ 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ಕೌಬಾಯ್ ಆಟದಲ್ಲಿ ಇಲ್ಲಿನ ಕೈಗಳ ಕೆಲಸವಿದೆ. ಅನಿಮೇಷನ್, ಗೇಮಿಂಗಿಗೆಂದೇ ರಾಜ್ಯ ಸರ್ಕಾರ 2012ರಲ್ಲಿ ನೀತಿ ತಂದಿತು. ಉದ್ಯೋಗ ಉಂಟು, ಹೂಡಿಕೆ ಉಂಟು, ಸಮಾವೇಶ ಉಂಟು, ಭಾಷೆಯೊಂದು ಬಿಟ್ಟು. ಅಮೆರಿಕದ ಕೌಬಾಯ್ ಕುದುರೆಯ ಜೀನಿನ ಹೊಲಿಗೆಗೆ ನಮ್ಮ ಹುಡುಗಿ ವಾರಗಟ್ಟಲೆ ಬಣ್ಣ ತುಂಬುತ್ತಾಳೆ, ಆ ಅನುಭವವನ್ನು ಬರೆಯಲು ಕೂತರೆ ಕನ್ನಡದಲ್ಲಿ ಜೀನು ಅನ್ನುವ ಪದವೇ ಅವಳಿಗೆ ಹೊಳೆಯುವುದಿಲ್ಲ. ನಮ್ಮ ಕಡೆ ನೋಡಿದರೆ, ತಿಂಗಳಿಗೆ ನೂರು ಕವಿತೆ ಬರುತ್ತವೆ, ಅರ್ಧ ಮಳೆಯ ಮೇಲೆ, ಉಳಿದರ್ಧ ಅಮ್ಮನ ಸೆರಗಿನ ಮೇಲೆ. ಆ ಕವಿಗಳಲ್ಲಿ ಹೆಚ್ಚಿನವರು ರಾತ್ರಿ ಎರಡರವರೆಗೆ ಬಿಜಿಎಂಐ ಎಂಬ ಮೊಬೈಲ್ ಕಾಳಗದ ಆಟ ಆಡುತ್ತಾರೆಂದು ನನಗೆ ಗೊತ್ತು. ಕವಿತೆಗೆ ಅದು ಮೈಲಿಗೆ. ಮೈಲಿಗೆ ಮಾಡಿದವರು ನಾನೂ ನೀವೂ ಸೇರಿ, ಮೇಷ್ಟ್ರೇ.

ಹಾಗಾಗಿ ಆ ಹುಡುಗನ ಎರಡನೆಯ ಕಂತು ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಸೈಬರ್ ಕೆಫೆಗಳ ಕಾಲದ್ದು, ಈ ಸಲ ಎಂಟು ಪುಟ. ಅದರ ಪಕ್ಕದಲ್ಲಿ ನಿಮಗೆ ಎರಡು ಪುಟ ಖಾಲಿ ಬಿಟ್ಟಿದ್ದೇನೆ. ಅಜ್ಜಿಯ ಜೊತೆ ಆಡಿದ ಚೌಕಾಬಾರ ಬರೆಯಿರಿ. ನೆಲಕ್ಕೆ ಬರೆದದ್ದು ಸೀಮೆಸುಣ್ಣದಲ್ಲೋ ಇದ್ದಿಲಲ್ಲೋ, ಆಡಿದ್ದು ಕವಡೆಯಲ್ಲೋ ಉಜ್ಜಿದ ಹುಣಸೆಬೀಜದಲ್ಲೋ, ಒಂದು ಕಾಯಾದರೂ ಕಡಿಯದೆ ಒಳಮನೆಗೆ ಬಿಡುತ್ತಿದ್ದರೋ ಇಲ್ಲವೋ, ಅಜ್ಜಿ ಮೋಸ ಮಾಡುತ್ತಿದ್ದರೋ. ನಮ್ಮ ಮನೆಯಲ್ಲಿ ಕಡಿಯದೆ ಬಿಡುತ್ತಿರಲಿಲ್ಲ, ಪಕ್ಕದ ಮನೆಯಲ್ಲಿ ಬಿಡುತ್ತಿದ್ದರು, ಅದಕ್ಕೇ ಎರಡು ಮನೆಗೂ ಒಮ್ಮೆ ಮಾತು ನಿಂತಿತ್ತು.

ಇನ್ನೊಂದು. ಮೂರು ಪುಟದ ಪತ್ರದಲ್ಲಿ ಮೊಮ್ಮಗನ ಆಟದ ಹೆಸರು ಎಲ್ಲೂ ಇಲ್ಲ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಕೇಳಿ, ಅದರಲ್ಲಿ ಎಷ್ಟು ಲೈಫು, ಯಾರಿಗಾದರೂ ಸಾಲ ಕೊಡಬಹುದೋ ಎಂದು. ಅವನು ಹೇಳಿದ್ದನ್ನೂ ಸೇರಿಸಿ 20ನೇ ತಾರೀಕಿನೊಳಗೆ ಕಳಿಸಿ. ಶಾಯಿ ಪೆನ್ನಿನಲ್ಲೇ ಇರಲಿ.

ಇಂತಿ ನಿಮ್ಮ,
ಸಂಪಾದಕ