ಸಂಪಾದಕರ ಉತ್ತರ: ‘ಪತ್ತೆ’ ಎಂದು ಬರೆದದ್ದು ನಾವು, ‘ಕಾಯಿರಿ’ ಎಂದದ್ದು ಡಾಕ್ಟರು

ಹೆಸರು ಹಾಕಬೇಡಿ ಎಂದು ಕೇಳಿಕೊಂಡ ತಾಯಿಯೊಬ್ಬರ ಪತ್ರದ ಸಾರ ಇಷ್ಟು: ‘ಆರೇ ತಿಂಗಳಿಗೆ ಆಟಿಸಂ ಪತ್ತೆ ಎಂದು ನಿಮ್ಮಲ್ಲಿ ಓದಿದೆ. ನನ್ನ ಮಗನಿಗೆ ಇಪ್ಪತ್ತು ತಿಂಗಳು. ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ, ಏನನ್ನೂ ಬೆರಳು ಮಾಡಿ ತೋರಿಸುವುದಿಲ್ಲ. ಆ ಕಣ್ಣಿನ ಪರೀಕ್ಷೆ ಮಾಡಿಸೋಣ ಎಂದರೆ ಡಾಕ್ಟರು ನಕ್ಕರು. ಗಂಡುಮಕ್ಕಳಿಗೆ ಮಾತು ತಡ, ಮೂರು ವರ್ಷ ಆಗಲಿ ಎಂದರು. ಸಂಶೋಧಕರಿಗೆ ಗೊತ್ತಿರುವುದು ಡಾಕ್ಟರಿಗೆ ತಲುಪುವುದು ಯಾವಾಗ?’

ಮೇಡಂ, ನಿಮ್ಮ ಸಿಟ್ಟಿನಲ್ಲಿ ನಮಗೂ ಪಾಲು ಬರಬೇಕು. ಆ ತಲೆಬರಹ ಕೊಟ್ಟವನು ನಾನೇ. ‘ಪತ್ತೆ’ ಎಂಬ ಪದ ಅಲ್ಲಿ ಇರಬಾರದಿತ್ತು.

ಆ ಸುದ್ದಿಯ ಮೂಲ, ಸಂಶೋಧಕರಾದ ವಾರೆನ್ ಜೋನ್ಸ್ ಮತ್ತು ಅಮಿ ಕ್ಲಿನ್ 2013ರಲ್ಲಿ ಪ್ರಕಟಿಸಿದ ಅಧ್ಯಯನ. 110 ಶಿಶುಗಳಿಗೆ ವಿಡಿಯೊ ತೋರಿಸಿ, ಅವುಗಳ ನೋಟ ಎಲ್ಲಿ ನಿಲ್ಲುತ್ತದೆಂದು ಮತ್ತೆ ಮತ್ತೆ ಅಳೆದರು. ಮುಂದೆ ಆಟಿಸಂ ಎಂದು ಖಚಿತವಾದವರು 13 ಮಕ್ಕಳು. ಎರಡನೇ ತಿಂಗಳಲ್ಲಿ ಇವರೂ ಎದುರಿನವರ ಕಣ್ಣು ನೋಡುತ್ತಿದ್ದರು; ಆರನೇ ತಿಂಗಳ ಹೊತ್ತಿಗೆ ಅದು ಇಳಿಯುತ್ತ ಬಂದಿತ್ತು. ಸೊಗಸಾದ ಕೆಲಸ. ಆದರೆ ಅದು ಗುಂಪಿನ ಸರಾಸರಿ. ಡಾಕ್ಟರ ಮುಂದೆ ಕೂತಿರುವುದು ಒಂದೇ ಮಗು.

ಅಲ್ಲಿಂದ ಕ್ಲಿನಿಕ್ಕಿನ ಬಾಗಿಲಿಗೆ ಬರಲು ಹತ್ತು ವರ್ಷ ಬೇಕಾಯಿತು. 2023ರಲ್ಲಿ ಇದೇ ಸಂಶೋಧಕರು ಕಣ್ಣಿನ ನೋಟ ಅಳೆಯುವ ಸಾಧನವನ್ನು ಪರಿಣತ ಕೇಂದ್ರಗಳಿಗೆ ಬಂದಿದ್ದ 475 ಮಕ್ಕಳ ಮೇಲೆ ಪರೀಕ್ಷಿಸಿ ವರದಿ ಮಾಡಿದರು. ಮಕ್ಕಳ ವಯಸ್ಸು 16ರಿಂದ 30 ತಿಂಗಳು, ಆರಲ್ಲ. ಆಟಿಸಂ ಇದ್ದ ನೂರು ಮಕ್ಕಳಲ್ಲಿ 71 ಮಂದಿಯನ್ನು ಅದು ಗುರುತಿಸಿತು, ಇಲ್ಲದ ನೂರರಲ್ಲಿ ಸುಮಾರು 81 ಮಂದಿಯನ್ನು ‘ಇಲ್ಲ’ ಎಂದಿತು. ಅನುಮಾನದಿಂದಲೇ ಬಂದ ಮಕ್ಕಳಿಗೆ ಇದು ಉಪಯೋಗದ ಮಾಹಿತಿ. ಇದನ್ನೇ ಎಲ್ಲ ಮಕ್ಕಳಿಗೂ ಹಚ್ಚಿದರೆ? ಸಾವಿರ ಮಕ್ಕಳಲ್ಲಿ 20 ಮಂದಿಗೆ ಆಟಿಸಂ ಇದೆ ಎಂದುಕೊಳ್ಳಿ. ಸಾಧನ 14 ಮಂದಿಯನ್ನು ಹಿಡಿಯುತ್ತದೆ, ಜೊತೆಗೆ ಏನೂ ಇಲ್ಲದ ಸುಮಾರು 190 ಮನೆಗಳ ನಿದ್ದೆ ಕೆಡಿಸುತ್ತದೆ. ಹಾಗಾಗಿ ಯಂತ್ರದ ವಿಷಯದಲ್ಲಿ ನಿಮ್ಮ ಡಾಕ್ಟರು ತಡೆದದ್ದು ತಪ್ಪಲ್ಲ. ನಕ್ಕದ್ದು ತಪ್ಪು.

ಅವಸರಕ್ಕೆ ಬಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ಸೀಕ್ರೆಟಿನ್ ಎಂಬ ಹಾರ್ಮೋನ್ ಕೊಟ್ಟ ಮೂರು ಮಕ್ಕಳು ಸುಧಾರಿಸಿದರು ಎಂಬ ವರದಿ 1998ರಲ್ಲಿ ಬಂದದ್ದೇ ತಡ, ತಂದೆತಾಯಿ ಅದರ ಹಿಂದೆ ಓಡಿದರು. ಮರುವರ್ಷ 60 ಮಕ್ಕಳ ಮೇಲೆ ಸರಿಯಾದ ಪ್ರಯೋಗ ನಡೆದಾಗ, ಬರೀ ಉಪ್ಪುನೀರು ಚುಚ್ಚಿಸಿಕೊಂಡವರೂ ಅಷ್ಟೇ ಸುಧಾರಿಸಿದ್ದರು.

ಇನ್ನು ‘ಮೂರು ವರ್ಷ ಆಗಲಿ’ ಎಂಬ ಮಾತು. ಇದಕ್ಕೆ ಮಾತ್ರ ನನ್ನ ಹತ್ತಿರ ಸಮರ್ಥನೆ ಇಲ್ಲ. ಎಂ-ಚಾಟ್ ಎಂಬ ಪ್ರಶ್ನಾವಳಿ 2001ರಿಂದಲೂ ಇದೆ. ಈಗಿನ ರೂಪದಲ್ಲಿ 20 ಪ್ರಶ್ನೆ, ಹೌದು-ಇಲ್ಲ ಅಂದರೆ ಸಾಕು, ನಿಮ್ಮ ಮಗನ ವಯಸ್ಸಿಗೇ ಮಾಡಿದ್ದು. ಬೆರಳು ತೋರಿಸುತ್ತದೆಯೇ, ಕರೆದರೆ ತಿರುಗುತ್ತದೆಯೇ ಎಂಬ ಎರಡೂ ಪ್ರಶ್ನೆ ಅದರಲ್ಲಿವೆ. ಅದು ರೋಗನಿರ್ಣಯವಲ್ಲ, ಮುಂದಿನ ತಪಾಸಣೆ ಬೇಕೇ ಎಂದು ಹೇಳುವ ಜರಡಿ. ಯಂತ್ರ ಬೇಡ, ಹತ್ತು ನಿಮಿಷ ಸಾಕು.

ಕಾಯಿಲೆಯ ಹೆಸರು ಗಟ್ಟಿಯಾಗುವ ತನಕ ನೆರವು ನಿಲ್ಲಬೇಕಾಗಿಯೂ ಇಲ್ಲ. ಪ್ಯಾಕ್ಟ್ ಎಂಬ ಪದ್ಧತಿ ನನಗೆ ಇಷ್ಟವಾಗುವುದು ಅದರ ಸರಳತೆಗೆ. ತಾಯಿ-ಮಗು ಆಡುವುದನ್ನು ಚಿತ್ರೀಕರಿಸಿ ಥೆರಪಿಸ್ಟ್ ಅದನ್ನು ತಾಯಿಯ ಜೊತೆ ಕೂತು ನೋಡುತ್ತಾರೆ. ಮಗು ಆಟದ ಕಾರಿನ ಚಕ್ರ ತಿರುಗಿಸುತ್ತಿದೆ, ತಾಯಿ ‘ಇದು ಯಾವ ಬಣ್ಣ? ಹೇಳು, ಹೇಳು’ ಅನ್ನುತ್ತಿದ್ದಾರೆ ಎನ್ನಿ. ಅಲ್ಲೊಂದು ಕಡೆ ಅವರು ಸುಮ್ಮನಾದಾಗ ಮಗು ಅರೆಕ್ಷಣ ತಲೆಯೆತ್ತಿ ನೋಡಿರುತ್ತದೆ. ವಿಡಿಯೊ ಅಲ್ಲಿಗೇ ನಿಲ್ಲುತ್ತದೆ. ಮಾತಿಗೆ ಮುಂಚೆ ಹಂಚಿಕೊಂಡ ನೋಟ ಬರುತ್ತದೆ ಎಂಬ ದಶಕಗಳ ಸಂಶೋಧನೆ ಇಲ್ಲಿ ತಾಯಿಯ ಕೈಗೆ ಸಿಗುವುದು ಹೀಗೆ. 152 ಮಕ್ಕಳ ಮೇಲೆ ನಡೆದ ಇದರ ಪ್ರಯೋಗ 2010ರಲ್ಲಿ ಪ್ರಕಟವಾದಾಗ ತಾಯಿ-ಮಗುವಿನ ಒಡನಾಟ ಚೆನ್ನಾಗಿ ಸುಧಾರಿಸಿತ್ತು, ಆಟಿಸಂ ಲಕ್ಷಣಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ವರ್ಷಗಳ ನಂತರ ಅದೇ ಮಕ್ಕಳನ್ನು ನೋಡಿದಾಗ ಲಕ್ಷಣಗಳೂ ಒಂದಿಷ್ಟು ತಗ್ಗಿದ್ದವು. ಪವಾಡವಲ್ಲ, ಆದರೆ ನಂಬಬಹುದಾದ ಲಾಭ. ಗೋವಾ ಮತ್ತು ರಾವಲ್ಪಿಂಡಿಗಳಲ್ಲಿ ತಜ್ಞರಲ್ಲದ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಇದರ ರೂಪಾಂತರವನ್ನು ಕುಟುಂಬಗಳಿಗೆ ತಲುಪಿಸಿದ ಪ್ರಯೋಗವೂ 2016ರಲ್ಲಿ ವರದಿಯಾಗಿದೆ.

ನೀವು ಮೊದಲು ಮಗನ ಕಿವಿ ಪರೀಕ್ಷೆ ಮಾಡಿಸಿ. ಕರೆದರೆ ತಿರುಗದಿರಲು ಅದೂ ಕಾರಣವಿರಬಹುದು. ಅವನು ಆಡುವ ಎರಡು ನಿಮಿಷದ ವಿಡಿಯೊ ತೆಗೆದಿಟ್ಟುಕೊಳ್ಳಿ. ಆಮೇಲೆ ಅದೇ ಡಾಕ್ಟರನ್ನು ಯಂತ್ರ ಕೇಳಬೇಡಿ, ಆ 20 ಪ್ರಶ್ನೆಗಳನ್ನು ಕೇಳಿ. ಆಗಲೂ ನಕ್ಕರೆ ಬೇರೆ ಡಾಕ್ಟರನ್ನು ನೋಡಿ.