ಕೀಬೋರ್ಡಿನಲ್ಲಿ ಗಮಕ ಯಾಕೆ ಬರ್ತಿಲ್ಲ?

ಪ್ರಶ್ನೆ: ಎಂಟು ವರ್ಷ ವೀಣೆ ಕಲಿತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡೋಣ ಅಂತ ಚಿಕ್ಕ ಮಿಡಿ ಕೀಬೋರ್ಡ್ (ಯಾವ ಸ್ವರ ಒತ್ತಿದೆವು ಅನ್ನುವ ಸಂಕೇತವನ್ನು ಕಂಪ್ಯೂಟರಿಗೆ ಕಳಿಸುವಂಥದ್ದು) ಕೊಂಡೆ. ತೋಡಿ ರಾಗ ನುಡಿಸಿದರೆ ಗಾಂಧಾರ ಕಂಬದ ಹಾಗೆ ನಿಂತುಬಿಡುತ್ತದೆ, ಗಮಕದ ತೂಗಾಟವೇ ಇಲ್ಲ. ಹಾರ್ಡ್‌ವೇರ್ ಸಿಂಥಸೈಜರ್ ತಗೊಂಡರೆ ಸರಿಹೋಗುತ್ತಾ? ಎಂಜಿನಿಯರಿಂಗ್ ಓದುವ ತಮ್ಮ, ತಾನೇ ಏನಾದರೂ ಮಾಡಿಕೊಡುತ್ತೇನೆ ಅನ್ನುತ್ತಾನೆ.
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಸಿಂಥ್ ಸದ್ಯಕ್ಕೆ ಬೇಡ. ಅದರಲ್ಲೂ ಅದೇ ಕಪ್ಪು-ಬಿಳಿ ಕೀಗಳಿದ್ದರೆ ನಾದ ಬದಲಾಗುತ್ತದೆ, ಗಾಂಧಾರ ಅಲ್ಲಾಡುವುದಿಲ್ಲ.

ಮೊದಲು ದುಡ್ಡಿಲ್ಲದ ಉಪಾಯ. ಕೀಬೋರ್ಡಿನ ಎಡಗಡೆ, ಸ್ವರವನ್ನು ಮೇಲೆ-ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರವೋ ಪಟ್ಟಿಯೋ ಇದೆಯಾ ನೋಡಿ. ಸಾಮಾನ್ಯವಾಗಿ ಅದು ಮೇಲಕ್ಕೆ ಎರಡು, ಕೆಳಕ್ಕೆ ಎರಡು ಸ್ವರಸ್ಥಾನ ಮಾತ್ರ ಹೋಗುತ್ತದೆ. ವೀಣೆಯಲ್ಲಿ ಒಂದೇ ಮೆಟ್ಟಿಲಲ್ಲಿ ತಂತಿ ಎಳೆದು ನೀವು ಅದಕ್ಕಿಂತ ಜಾಸ್ತಿ ಹತ್ತಿಸುತ್ತೀರಿ, ಅಲ್ವಾ? ಸಾಫ್ಟ್‌ವೇರಿನಲ್ಲಿ ಬೆಂಡ್ ರೇಂಜ್ (ಎಷ್ಟು ದೂರ ಜಾರಬಹುದು ಅನ್ನುವ ಮಿತಿ) 12 ಸ್ವರಸ್ಥಾನಕ್ಕೆ, ಅಂದರೆ ಒಂದು ಸ್ಥಾಯಿಗೆ ಏರಿಸಿ, ಮೋನೋ ಲೆಗಾಟೋ (ಒಂದು ಸಲಕ್ಕೆ ಒಂದೇ ಸ್ವರ, ಒಂದಕ್ಕೊಂದು ಅಂಟಿಕೊಂಡು) ಆನ್ ಮಾಡಿ. ಆಗ ಪ್ರತಿ ಸ್ವರಕ್ಕೂ ಹೊಸ ಮೀಟು ಬೀಳುವುದಿಲ್ಲ.

ಮೋನೋ ಆಫ್ ಮಾಡಿ, ಶ್ರುತಿಗೆಂದು ಅದೇ ಚಾನೆಲ್‌ನಲ್ಲಿ (ಮಿಡಿ ಸಂಕೇತ ಸಾಗುವ ದಾರಿ) ಷಡ್ಜ-ಪಂಚಮ ಹಿಡಿದು ಗಮಕ ಮಾಡಬೇಡಿ. ಶ್ರುತಿಯೂ ಜೊತೆಗೇ ಜಾರುತ್ತದೆ! 1983ರ ಮಿಡಿಯಲ್ಲಿ ಬೆಂಡ್ ಇಡೀ ಚಾನೆಲ್‌ಗೆ ಅನ್ವಯ. ಒಂದೊಂದು ಸ್ವರಕ್ಕೂ ಬೇರೆ ಚಾನೆಲ್ ಕೊಡುವ ಎಂಪಿಇ (ಮಿಡಿ ಪಾಲಿಫೋನಿಕ್ ಎಕ್ಸ್‌ಪ್ರೆಷನ್) ಪದ್ಧತಿ 2018ರಲ್ಲಿ ಅಧಿಕೃತವಾಯಿತು.

ಎಂಪಿಇ ಸಾಧನಗಳಲ್ಲಿ ನಿಮಗೆ ಹತ್ತಿರದ್ದು ಅಮೆರಿಕದ ವಾದ್ಯ ವಿನ್ಯಾಸಕ ರೋಜರ್ ಲಿನ್ ಮಾಡಿದ ಲಿನ್‌ಸ್ಟ್ರುಮೆಂಟ್. ಕೀಗಳೇ ಇಲ್ಲ. ಎಂಟು ಸಾಲು, ಸಾಲಿಗೆ 25 ಚೌಕ. ನಿಮ್ಮ ವೀಣೆಯ 24 ಮೆಟ್ಟಿಲು, ಜೊತೆಗೆ ಖಾಲಿ ತಂತಿ ಅಂದುಕೊಳ್ಳಿ! ಸಾಲಿನುದ್ದಕ್ಕೂ ಬೆರಳು ಜಾರಿಸಿದರೆ ಜಾರು ಸಲೀಸಾಗಿ ಬರುತ್ತದೆ. ತಂತಿ ಎಳೆದಾಗಿನ ಬಿಗಿ ಮಾತ್ರ ಬೆರಳಿಗೆ ಸಿಗುವುದಿಲ್ಲ. ಬೆಲೆಯೂ ಜಾಸ್ತಿ. ಕೊಂಡರೆ ಬೆಂಡ್ ರೇಂಜ್ ಸಾಧನದಲ್ಲೂ ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಸಿಂಥ್‌ನಲ್ಲೂ ಒಂದೇ ಇರಲಿ. ಸಾಧನದಲ್ಲಿ 48, ಸಿಂಥ್‌ನಲ್ಲಿ 12 ಇದ್ದರೆ ಒಂದು ಸ್ಥಾಯಿ ಜಾರಿಸಿದರೂ ಮೂರೇ ಸ್ವರಸ್ಥಾನ ಏರುತ್ತದೆ. ಹೀಗೇ ಆಗಿ, ಸಾಧನ ಕೆಟ್ಟಿದೆ ಅಂತ ನಾನು ಒಂದು ಸಂಜೆಯೆಲ್ಲ ಒದ್ದಾಡಿದ್ದೇನೆ.

ನಾನಾಗಿದ್ದರೆ ಮೊದಲು ತಮ್ಮನಿಗೇ ಕೆಲಸ ಹಚ್ಚುತ್ತಿದ್ದೆ. 500 ಮಿಲಿಮೀಟರ್ ಉದ್ದದ ಸಾಫ್ಟ್‌ಪಾಟ್ ರಿಬ್ಬನ್ (ಬೆರಳಿಟ್ಟ ಜಾಗ ಗುರುತಿಸುವ ಪಟ್ಟಿ), ಒಂದು ಆರ್ಡುಯಿನೊ ಲಿಯೊನಾರ್ಡೊ (ಪ್ರೋಗ್ರಾಂ ಹಾಕಬಹುದಾದ ಚಿಕ್ಕ ಸರ್ಕ್ಯೂಟ್ ಬೋರ್ಡ್) ಸಾಕು. ಆರ್ಡುಯಿನೊದ ಇನ್ನೊಂದು ಬೋರ್ಡ್ ಊನೊ ಬೇಡ. ಲಿಯೊನಾರ್ಡೊ ಯುಎಸ್‌ಬಿಯಲ್ಲಿ ನೇರ ಮಿಡಿ ಸಾಧನವಾಗಿಯೇ ಕಾಣಿಸುತ್ತದೆ. ರಿಬ್ಬನ್ ಮೇಲೆ ಮಾರ್ಕರಿನಲ್ಲಿ ಮೆಟ್ಟಿಲಿನ ಗೆರೆ ಎಳೆದುಕೊಳ್ಳಿ. ಬೆರಳು ಎತ್ತಿದ ತಕ್ಷಣ ಸ್ವರ ಎಲ್ಲೆಲ್ಲೋ ಹಾರಿದರೆ ಗಾಬರಿ ಬೇಡ. ಮಧ್ಯದ ಪಿನ್ನಿಗೂ ಗ್ರೌಂಡಿಗೂ ನಡುವೆ ಒಂದು ರೆಸಿಸ್ಟರ್ ಹಾಕಲು ಹೇಳಿ.